ರಾಚನಿಕ ಭೂವಿಜ್ಞಾನದ ಬೋಧನೆಯಲ್ಲಿ ಗಣಕ ತಂತ್ರಾಂಶ

ಶಿಲಾಪದರಗಳ ಮಡಿಕೆ, ಬಿರುಕು ಹಾಗೂ ಸ್ತರಭಂಗಗಳನ್ನು ಅಭ್ಯಸಿಸುವ ಶಾಖೆಯೇ ರಾಚನಿಕ ಭೂವಿಜ್ಞಾನ. ಇದನ್ನು ಕಲಿಯುವವರಿಗೆ ಎದುರಾಗುವ ಮೊದಲ ತೊಡಕು ಮೂರು ಆಯಾಮಗಳ ಕಲ್ಪನೆ. ನೆಲದ ಮೇಲೆ ಕಾಣುವುದು ಬಂಡೆಯ ಹೊರಮುಖ ಮಾತ್ರ. ಅದು ಭೂಮಿಯೊಳಗೆ ಚಾಚಿಕೊಂಡಿರುವ ಬಗೆಯನ್ನು ಅಳತೆಗಳಿಂದ ಊಹಿಸಬೇಕಾಗುತ್ತದೆ. ವಾಲಿದ ಪದರದ ಮೇಲೆ ಎಳೆಯಬಹುದಾದ ಸಮತಲ ರೇಖೆಯ ದಿಕ್ಕನ್ನು ಸ್ಟ್ರೈಕ್ ಎಂದೂ ಪದರವು ಸಮತಲದಿಂದ ಇಳಿಯುವ ಗರಿಷ್ಠ ಕೋನವನ್ನು ನತಿ ಎಂದೂ ಕರೆಯಲಾಗುತ್ತದೆ. ನತಿಯ ದಿಕ್ಕು ಸ್ಟ್ರೈಕ್‌ಗೆ ಸದಾ ಲಂಬವಾಗಿರುತ್ತದೆ.

ಈ ಅಳತೆಗಳನ್ನು ಹಾಳೆಯ ಮೇಲೆ ನಿರೂಪಿಸಲು ಗೋಳ ಪ್ರಕ್ಷೇಪವು ನೆರವಾಗುತ್ತದೆ. ಲ್ಯಾಂಬರ್ಟ್ 1772ರಲ್ಲಿ ರೂಪಿಸಿದ ಸಮಕ್ಷೇತ್ರ ಪ್ರಕ್ಷೇಪವನ್ನು ವಾಲ್ಟರ್ ಷ್ಮಿಟ್ 1925ರಲ್ಲಿ ಶಿಲಾರಚನೆಯ ಅಧ್ಯಯನಕ್ಕೆ ಅಳವಡಿಸಿದನು. ಷ್ಮಿಟ್ ಜಾಲದ ಮೇಲೆ ಟ್ರೇಸಿಂಗ್ ಕಾಗದವಿಟ್ಟು, ನಡುವೆ ಗುಂಡುಸೂಜಿ ಚುಚ್ಚಿ, ಕಾಗದವನ್ನು ತಿರುಗಿಸುತ್ತ ಒಂದೊಂದೇ ಅಳತೆಯನ್ನು ಗುರುತಿಸುವುದು ಹಳೆಯ ಕ್ರಮ. ನೂರಾರು ಅಳತೆಗಳಿದ್ದಲ್ಲಿ ಇದು ಬಹಳ ಶ್ರಮದ ಕೆಲಸ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ಆಲ್ಮೆಂಡಿಂಗರ್ ರಚಿಸಿದ ಸ್ಟೀರಿಯೊನೆಟ್ ತಂತ್ರಾಂಶವು ಇದನ್ನು ಕ್ಷಣಮಾತ್ರದಲ್ಲಿ ಪೂರೈಸುತ್ತದೆ. ಬಿಂದುಗಳ ಸಾಂದ್ರತೆಯನ್ನು ತೋರಿಸಿ, ಮಡಿಕೆಯ ಅಕ್ಷವನ್ನೂ ಗಣಿಸಿಕೊಡುತ್ತದೆ. ಒಂದು ಅಳತೆ ಬದಲಾದರೆ ಚಿತ್ರವು ಹೇಗೆ ಬದಲಾಗುವುದೆಂಬುದನ್ನು ವಿದ್ಯಾರ್ಥಿಯು ಕಣ್ಣೆದುರೇ ಕಾಣಬಹುದು.

ಆದರೆ ಈ ವೇಗದಲ್ಲಿ ಒಂದು ಅಪಾಯವೂ ಅಡಗಿದೆ. ಕರ್ನಾಟಕದ ಚಿತ್ರದುರ್ಗ ಶಿಸ್ಟ್ ಪಟ್ಟಿಯು ಸ್ಥೂಲವಾಗಿ ಉತ್ತರವಾಯವ್ಯದಿಂದ ದಕ್ಷಿಣಆಗ್ನೇಯಕ್ಕೆ ಹರಡಿದೆ. ಅದೇ ದಿಕ್ಕಿನ ಒಂದು ಮಡಿಕೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದರ ಒಂದು ಪಾರ್ಶ್ವವು 70 ಡಿಗ್ರಿ ದಿಕ್ಕಿಗೂ ಮತ್ತೊಂದು 250 ಡಿಗ್ರಿ ದಿಕ್ಕಿಗೂ ಇಳಿಯುತ್ತಿದ್ದು, ಎರಡರ ನತಿಯೂ 60 ಡಿಗ್ರಿಯಾಗಿರಲಿ. ಆಗ ಮಡಿಕೆಯ ಅಕ್ಷವು ಸಮತಲವಾಗಿದ್ದು 340–160 ಡಿಗ್ರಿ ದಿಕ್ಕಿನಲ್ಲಿರುತ್ತದೆ. ವಿದ್ಯಾರ್ಥಿಯು ನತಿಯ ದಿಕ್ಕನ್ನು ಸ್ಟ್ರೈಕ್ ಎಂದು ತಪ್ಪಾಗಿ ದಾಖಲಿಸಿದರೆ ಪ್ರತಿ ಪದರವೂ 90 ಡಿಗ್ರಿ ತಿರುಗಿ, ಅಕ್ಷವು 70–250 ಡಿಗ್ರಿಗೆ ಬಂದು ನಿಲ್ಲುತ್ತದೆ. ಚಿತ್ರವು ಮೊದಲಿನಷ್ಟೇ ಅಚ್ಚುಕಟ್ಟಾಗಿರುತ್ತದೆ. ಯಂತ್ರವು ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ. ಧಾರವಾಡ ಶಿಲೆಗಳು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಮಡಿಕೆಗೊಂಡಿರುವುದರಿಂದ ಇಂತಹ ಅಡ್ಡ ಅಕ್ಷವು ಅಸಹಜವೆಂದೂ ತೋರುವುದಿಲ್ಲ. ಹೀಗೆ ಬೆರಳಚ್ಚಿನ ದೋಷವೊಂದು ಭೂ ಇತಿಹಾಸದ ಹೊಸ ಘಟ್ಟವಾಗಿ ಸಂಶೋಧನ ಪ್ರಬಂಧವನ್ನು ಸೇರಬಹುದು.

ಆದುದರಿಂದ ಬೋಧನೆಯಲ್ಲಿ ಕ್ರಮವು ಮುಖ್ಯ. ಮೊದಲು ಬಂಡೆಯ ಬಳಿ ದಿಕ್ಸೂಚಿಯಿಂದ ಅಳೆಯಬೇಕು. ಅನಂತರ ಕೆಲವು ಅಳತೆಗಳನ್ನಾದರೂ ಕೈಯಿಂದ ಜಾಲದ ಮೇಲೆ ಗುರುತಿಸಬೇಕು. ಕೊನೆಗೆ ಎಲ್ಲವನ್ನೂ ಗಣಕಕ್ಕೆ ಒಪ್ಪಿಸಿ ಎರಡು ಚಿತ್ರಗಳನ್ನು ಹೋಲಿಸಬೇಕು. ಕಾಗದವನ್ನು ಸ್ವತಃ ತಿರುಗಿಸಿ ಬಲ್ಲವನಿಗೆ ತಪ್ಪಾಗಿ ತಿರುಗಿದ ಚಿತ್ರವು ಕೂಡಲೇ ಅನುಮಾನ ಹುಟ್ಟಿಸುತ್ತದೆ. ತಂತ್ರಾಂಶವು ಗಣನೆಯ ಹೊರೆಯನ್ನು ಇಳಿಸಬಲ್ಲುದು. ಕ್ಷೇತ್ರದಲ್ಲಿ ಕಂಡ ಬಂಡೆಗೂ ಪರದೆಯ ಚಿತ್ರಕ್ಕೂ ತಾಳೆಯಾಗುವುದೇ ಎಂದು ಪರಿಶೀಲಿಸುವ ಹೊಣೆ ಕಲಿಯುವವನದೇ ಆಗಿರುತ್ತದೆ.