ಡೊಳ್ಳಿಗೆ ತಕ್ಕ ತೋಳು

ಕಾರಿನೊಡನೆ ಬರುವ ಪುಟ್ಟ ಧ್ವನಿವರ್ಧಕಗಳು ಕೊಳಲನ್ನೂ ಪಿಟೀಲನ್ನೂ ಇಂಪಾಗಿ ಕೇಳಿಸುತ್ತವೆ. ಡೊಳ್ಳಿನ ಗುಡುಗು ಮಾತ್ರ ಅವುಗಳಿಗೆ ಎಟುಕದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲುದು. ಇದರಲ್ಲಿ ಸುಮಾರು 100ಕ್ಕಿಂತ ಕೆಳಗಿನ ಮಂದ್ರಧ್ವನಿಗಾಗಿಯೇ ನಿರ್ಮಿತವಾದುದು ಸಬ್‌ವೂಫರ್. ಅದಕ್ಕೆ ಬೇಕಾದ ಬಲವನ್ನು ಒದಗಿಸುವುದು ಆಂಪ್ಲಿಫೈಯರ್. ಇವೆರಡಕ್ಕೂ ಜೋಡಿ ಕೂಡದಿದ್ದರೆ ಹಣವೂ ಹೋದೀತು, ಯಂತ್ರವೂ ಸುಟ್ಟೀತು.

ಕೊಳ್ಳುವವರು ಎಡವುವುದು ಪೆಟ್ಟಿಗೆಯ ಮೇಲಿನ ದಪ್ಪಕ್ಷರದ ಸಂಖ್ಯೆಗೆ. ಅಲ್ಲಿ ಸಾರುವ 1500 ವಾಟ್ ಬಹುಮಟ್ಟಿಗೆ ಕ್ಷಣಮಾತ್ರದ ಗರಿಷ್ಠ ಬಲ. ನಮಗೆ ಬೇಕಾದುದು ಗಂಟೆಗಟ್ಟಲೆ ತಾಳುವ ಬಲ. ಅದು ‘ಆರ್‌ಎಂಎಸ್’ ಎಂಬ ಹೆಸರಿನಲ್ಲಿ ಸಣ್ಣಕ್ಷರಗಳಲ್ಲಿ ಅಡಗಿರುತ್ತದೆ. ಸಬ್‌ವೂಫರಿನ ಆರ್‌ಎಂಎಸ್ 500 ವಾಟ್ ಆಗಿದ್ದರೆ, ಆಂಪ್ಲಿಫೈಯರಿನದೂ ಅದರ ಆಸುಪಾಸಿನಲ್ಲಿರಬೇಕು.

ಆದರೆ ಎಷ್ಟು ಓಮ್‌ಗೆ 500 ವಾಟ್ ಎಂದು ಕೇಳಲು ಮರೆಯಬಾರದು. ಓಮ್ ಎಂಬುದು ವಿದ್ಯುತ್ತಿಗೆ ಎದುರಾಗುವ ತಡೆಯ ಅಳತೆ. 4 ಓಮ್‌ಗೆ 300 ವಾಟ್ ಕೊಡುವ ಆಂಪ್ಲಿಫೈಯರ್ 2 ಓಮ್‌ಗೆ 500 ವಾಟ್ ಕೊಡಬಹುದು. ಅನೇಕ ಸಬ್‌ವೂಫರುಗಳಲ್ಲಿ ಎರಡು ತಂತಿಸುರುಳಿಗಳಿರುತ್ತವೆ. ತಲಾ 4 ಓಮ್‌ನ ಸುರುಳಿಗಳನ್ನು ಒಂದರ ಹಿಂದೊಂದಾಗಿ ಜೋಡಿಸಿದರೆ 8 ಓಮ್, ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ. ಇಂಥವೇ ಎರಡು ಸಬ್‌ವೂಫರುಗಳ ನಾಲ್ಕು ಸುರುಳಿಗಳನ್ನೂ ಸಮಾಂತರವಾಗಿ ಕೂಡಿಸಿದರೆ 1 ಓಮ್‌ಗೆ ಇಳಿಯುತ್ತದೆ. 2 ಓಮ್‌ವರೆಗೆ ಮಾತ್ರ ತಾಳುವ ಆಂಪ್ಲಿಫೈಯರ್ ಆಗ ಅತಿಯಾಗಿ ಕಾದು ಕೆಟ್ಟೀತು.

ಕಡಿಮೆ ಬಲದ ಆಂಪ್ಲಿಫೈಯರ್ ಇದ್ದರೆ ಸಬ್‌ವೂಫರಿಗೆ ಅಪಾಯವಿಲ್ಲವೆಂದು ಹಲವರ ನಂಬಿಕೆ. ಹಿತಮಿತವಾಗಿ ಕೇಳುವಷ್ಟು ಕಾಲ ಅದು ನಿಜ. ಸಾಮರ್ಥ್ಯ ಮೀರಿ ದುಡಿಸಿದರೆ ಧ್ವನಿತರಂಗಗಳ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ತರಂಗವು ಪೂರ್ತಿ ಚಚ್ಚೌಕವಾದಾಗ ಸರಾಸರಿ ಬಲ ಇಮ್ಮಡಿಯಾಗುವುದರಿಂದ, 300 ವಾಟ್‌ನ ಯಂತ್ರವೂ 600ರ ಸಮೀಪಕ್ಕೆ ಏರಿ 500 ವಾಟ್‌ನ ಸುರುಳಿಯನ್ನು ಸುಡಬಲ್ಲುದು. ಆಂಪ್ಲಿಫೈಯರಿನ ‘ಗೇನ್’ ತಿರುಪು ಸದ್ದು ಹೆಚ್ಚಿಸುವ ಸಾಧನವಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಸಾಧನ. ಧ್ವನಿ ಒಡಕಾಗಿ ಕೇಳಿದೊಡನೆ ತಗ್ಗಿಸುವುದು ಜಾಣತನ.

ಎಲ್ಲಕ್ಕೂ ಮಿಗಿಲಾದುದು ಮನೆಮಂದಿಯ ಕ್ಷೇಮ. 12 ವೋಲ್ಟಿನ ಬ್ಯಾಟರಿಯಿಂದ 500 ವಾಟ್ ಪಡೆಯಲು 40 ಆಂಪಿಯರಿಗೂ ಹೆಚ್ಚಿನ ವಿದ್ಯುತ್ ಹರಿಯಬೇಕು. ತೆಳು ತಂತಿ ಅದನ್ನು ತಾಳದು. ಆದಕಾರಣ ತಕ್ಕಷ್ಟು ದಪ್ಪನೆಯ ತಾಮ್ರದ ತಂತಿ ಹಾಕಿಸಿ, ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸ್ ಇರಿಸಬೇಕು. ಆ ಫ್ಯೂಸ್ ಇಲ್ಲದೆ, ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಕಾರಿನ ಲೋಹಕ್ಕೆ ತಗುಲಿದರೆ, ಬೆಂಕಿ ಹತ್ತಲು ತಡವಾಗದು.

ಅಂಗಡಿಯ ಅಬ್ಬರಕ್ಕೆ ಮರುಳಾಗುವ ಮುನ್ನ ಆರ್‌ಎಂಎಸ್ ಎಷ್ಟು, ಓಮ್ ಎಷ್ಟು, ಫ್ಯೂಸ್ ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಹೊಂದದ ದುಬಾರಿ ಜೋಡಿಗಿಂತ, ಹೊಂದಿದ ಸಾಧಾರಣ ಜೋಡಿಯೇ ಬಹುಕಾಲ ಇಂಪಾಗಿ ನುಡಿಯುತ್ತದೆ.