ಬ್ರೌಸರಿನ ಪುಟಕ್ಕೆ ಎಷ್ಟು ಕೆಲಸ ಒಪ್ಪಿಸಬಹುದು?

ಹೊಸ ತಂತ್ರಾಂಶ ಬೇಕೆಂದರೆ ಸಿ.ಡಿ. ತಂದು ಗಣಕಯಂತ್ರದಲ್ಲಿ ಅಳವಡಿಸಿಕೊಳ್ಳಬೇಕಾಗಿದ್ದ ಕಾಲ ಕಳೆಯಿತು. ಇಂದು ಪತ್ರಲೇಖನ, ಲೆಕ್ಕದ ಹಾಳೆ, ಬ್ಯಾಂಕಿನ ವ್ಯವಹಾರ, ಅಷ್ಟೇಕೆ, ವೈದ್ಯರೊಡನೆ ಮುಖಾಮುಖಿ ಮಾತು ಕೂಡ ಬ್ರೌಸರಿನ ಪುಟವೊಂದರಲ್ಲಿಯೇ ನಡೆಯುತ್ತದೆ. ಊರಿನಲ್ಲಿರುವ ನಮ್ಮ ವೃದ್ಧ ತಂದೆತಾಯಿಗಳು ಕೇಂದ್ರ ಸರ್ಕಾರದ ಇ-ಸಂಜೀವನಿಯ ಮೂಲಕ ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದು. ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ಸಣ್ಣ ಸೌಕರ್ಯವಲ್ಲ.

ಈ ಶಕ್ತಿ ಒಂದೇ ದಿನದಲ್ಲಿ ಬಂದುದಲ್ಲ. ಮೊದಲು ಒಂದಂಕಿ ಬದಲಾಗಬೇಕಿದ್ದರೂ ಇಡೀ ಪುಟವನ್ನು ಮತ್ತೆ ತರಿಸಬೇಕಿತ್ತು. ಬೇಕಾದ ಭಾಗವನ್ನಷ್ಟೇ ತರಿಸಿಕೊಳ್ಳುವ ಉಪಾಯ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಂದಿತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಅದರ ಬಲವನ್ನು ಲೋಕಕ್ಕೆ ತೋರಿದವು. ಆಟ, ಚಲಚ್ಚಿತ್ರಗಳಿಗೆ ಊರುಗೋಲಾಗಿದ್ದ ಫ್ಲ್ಯಾಶ್ 2020ರ ಕೊನೆಗೆ ನಿವೃತ್ತಿ ಹೊಂದಿತು. 2019ರಲ್ಲಿ ಅಂಗೀಕೃತವಾದ ವೆಬ್‌ಅಸೆಂಬ್ಲಿಯ ನೆರವಿನಿಂದ ಫೋಟೋಶಾಪಿನಂತಹ ಭಾರೀ ತಂತ್ರಾಂಶವೂ ಈಗ ಬ್ರೌಸರಿನೊಳಗೆ ಬಂದು ಕುಳಿತಿದೆ.

ಇನ್ನು ಮಿತಿಯ ಮಾತು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಪುಟವು ಕೌಂಟರಿನ ಹೊರಗೆ ನಿಂತ ಗ್ರಾಹಕನಂತೆ. ಚೀಟಿ ಕೊಟ್ಟು ಕೆಲಸ ಮಾಡಿಸಿಕೊಳ್ಳಬಹುದು. ಒಳಗಿನ ಲೆಡ್ಜರನ್ನು ತಾನೇ ಬಿಡಿಸುವಂತಿಲ್ಲ. ಕ್ಯಾಮರಾ ಬೇಕೇ, ಕಡತ ಬೇಕೇ, ಪ್ರತಿಯೊಂದಕ್ಕೂ ನಮ್ಮ ಅಪ್ಪಣೆ ಕೇಳಬೇಕು. ಹೀಗಿರುವುದೇ ಕ್ಷೇಮ. ಹಾದಿಹೋಕ ತಾಣಗಳೆಲ್ಲ ನಮ್ಮ ಕಡತಗಳಿಗೆ ಕೈಹಾಕುವಂತಾದರೆ ಗತಿಯೇನು?

ಆದರೆ ಒಂದು ಉದಾಹರಣೆಯನ್ನು ನೋಡೋಣ. ತಾಯಿಯವರ ರಕ್ತದೊತ್ತಡದ ದಿನಚರಿಯನ್ನು ಇಂತಹ ಒಂದು ಪುಟದಲ್ಲಿ ಬರೆದಿಡುತ್ತೇವೆನ್ನಿ. ಬ್ಲೂಟೂತ್ ಉಳ್ಳ ಮಾಪಕದಿಂದ ಅಂಕಿಗಳು ನೇರವಾಗಿ ಪುಟಕ್ಕೆ ಬರುವ ವ್ಯವಸ್ಥೆಗೆ ಕ್ರೋಮ್ ಅವಕಾಶ ಕೊಡುತ್ತದೆ, ಸಫಾರಿ ಕೊಡುವುದಿಲ್ಲ. ಇದು ಸಣ್ಣ ಅನನುಕೂಲ, ಕೈಯಿಂದ ಬರೆದರಾಯಿತು. ದೊಡ್ಡ ಪ್ರಶ್ನೆ, ಬರೆದ ಅಂಕಿಗಳು ಎಲ್ಲಿ ಉಳಿಯುತ್ತವೆ ಎಂಬುದು. ಕೆಲವು ಪುಟಗಳು ಅವುಗಳನ್ನು ದೂರದ ಸರ್ವರಿಗೆ ಕಳುಹಿಸಿದರೆ, ಕೆಲವು ಆ ಬ್ರೌಸರಿನ ಸ್ವಂತ ಪೆಟ್ಟಿಗೆಯಲ್ಲಿಯೇ ಇಡುತ್ತವೆ. ಪೆಟ್ಟಿಗೆಯಲ್ಲಿದ್ದುದು ಬೇರೆ ಫೋನಿನಲ್ಲಿ ಕಾಣದು; ಬ್ರೌಸರಿನ ದತ್ತಾಂಶವನ್ನು ಯಾರಾದರೂ ಅಳಿಸಿದರೆ ಅದರೊಡನೆಯೇ ಹೋಯಿತು. ಸಫಾರಿಯಂತೂ 2020ರಿಂದ ಇನ್ನೂ ಕಟ್ಟುನಿಟ್ಟು: ಬ್ರೌಸರನ್ನು ಬಳಸಿದ ಏಳು ದಿನಗಳ ಕಾಲ ಆ ತಾಣವನ್ನು ನಾವು ಮುಟ್ಟದಿದ್ದರೆ, ಅದು ಬರೆದಿಟ್ಟ ಪೆಟ್ಟಿಗೆಯನ್ನು ಬರಿದು ಮಾಡುತ್ತದೆ. ಪುಟವನ್ನು ಫೋನಿನ ಮುಖಪರದೆಗೆ ಸೇರಿಸಿಕೊಂಡವರಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ತಾಯಿಯವರು ಹತ್ತು ದಿನ ಮಗಳ ಮನೆಗೆ ಹೋಗಿ ಬಂದರೆ, ವೈದ್ಯರಿಗೆ ತೋರಿಸಬೇಕಾದ ಮೂರು ತಿಂಗಳ ಲೆಕ್ಕ ಅಲ್ಲಿರದೆ ಹೋಗಬಹುದು.

ಮಾತ್ರೆಯ ವೇಳೆಯನ್ನು ನೆನಪಿಸುವ ಕೆಲಸವನ್ನಂತೂ ಪುಟಕ್ಕೆ ಒಪ್ಪಿಸಲು ನಾನು ಹಿಂಜರಿಯುತ್ತೇನೆ. ಮುಚ್ಚಿದ ಪುಟ ತಾನಾಗಿ ಗಂಟೆ ಬಾರಿಸಲಾರದು. ಸರ್ವರು ಸಂದೇಶ ಕಳುಹಿಸಬೇಕು, ಆ ಹೊತ್ತಿಗೆ ಫೋನಿಗೆ ಸಂಪರ್ಕವಿರಬೇಕು. ಐಫೋನಿನಲ್ಲಿ ಈ ಸೌಲಭ್ಯ ಬಂದುದೇ 2023ರಲ್ಲಿ, ಅದೂ ಮುಖಪರದೆಗೆ ಸೇರಿಸಿದ ಪುಟಗಳಿಗೆ ಮಾತ್ರ. ಫೋನಿನ ಸಾಮಾನ್ಯ ಅಲಾರಮ್ಮಿಗೆ ಈ ಯಾವ ತೊಡಕೂ ಇಲ್ಲ.

ದಿನಚರಿ ಆರಂಭಿಸುವ ಮೊದಲು ಎರಡು ಪರೀಕ್ಷೆ ಮಾಡಬಹುದು. ಒಂದು ಅಂಕಿ ಬರೆದು, ಇನ್ನೊಂದು ಫೋನಿನಲ್ಲಿ ಅದೇ ಖಾತೆ ತೆರೆದು ನೋಡಿರಿ. ಕಾಣದಿದ್ದರೆ ಅದು ಮೊದಲಿನ ಪೆಟ್ಟಿಗೆಯಲ್ಲಿಯೇ ಇರುವ ಸಂಭವ ಹೆಚ್ಚು. ಬಳಿಕ, ಪ್ರತಿಯನ್ನು ಇಳಿಸಿಕೊಳ್ಳುವ ಗುಂಡಿ ಇದೆಯೇ ಎಂದು ಹುಡುಕಿರಿ. ಇದ್ದರೆ ತಿಂಗಳಿಗೊಮ್ಮೆ ಅದನ್ನು ಒತ್ತಿ, ಬಂದ ಹಾಳೆಯನ್ನು ಮುದ್ರಿಸಿ ವೈದ್ಯರ ಚೀಟಿಗಳ ಜೊತೆಗಿಡಬಹುದು.