ಪೊಲೀಸರ ಗುಂಡಿನ ಕೇಸು: ಸರ್ಕಾರಿ ವಕೀಲರ ಮನಸ್ಸು ಯಾರ ಕಡೆ?

ಹೋದ ಭಾನುವಾರದ ವಿಡಿಯೋ ಹಾಕಿದ ಮೇಲೆ, "ಲೋಕಲ್‌ನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ, ಇದನ್ನ ಬರಹದಲ್ಲೂ ಹಾಕಿ" ಅಂತ ಹಲವರು ಕೇಳಿದ್ರಿ. ಇದು ಅದೇ ಮಾತಿನ ಬರಹರೂಪ. ಮಾತಾಡುವಾಗ ಅಲ್ಲಿ ಇಲ್ಲಿ ಹೋಗಿದ್ದನ್ನ ಸ್ವಲ್ಪ ನೇರ ಮಾಡಿದ್ದೇನೆ. ನಾನು ವಕೀಲ ಅಲ್ಲ, ಐರೋಲಿಯಲ್ಲಿ ಕೆಲಸ ಮಾಡಿ ಡೊಂಬಿವಲಿಯಲ್ಲಿ ಮಲಗೋ ಸಾಫ್ಟ್‌ವೇರ್ ಎಂಜಿನಿಯರ್. ಹಾಗಾಗಿ ಇದನ್ನ ಒಬ್ಬ ನಾಗರಿಕ ಓದಿಕೊಂಡು ಅರ್ಥ ಮಾಡಿಕೊಂಡಿದ್ದು ಅಂತಲೇ ತಗೊಳ್ಳಿ.

ಆ ಸೋಮವಾರ ರಾತ್ರಿ

2024ರ ಸೆಪ್ಟೆಂಬರ್ 23, ಸೋಮವಾರ. ಥಾಣೆ ಸ್ಟೇಷನ್‌ನಲ್ಲಿ ಟ್ರೈನ್ ಬದಲಿಸುವಾಗ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪ್‌ನಲ್ಲಿ ಮೆಸೇಜುಗಳು ಸುರಿಯೋಕೆ ಶುರುವಾದವು. ಬದಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪ ಹೊತ್ತಿದ್ದ ಅಕ್ಷಯ್ ಶಿಂಧೆಯನ್ನ ತಳೋಜಾ ಜೈಲಿನಿಂದ ಕರೆದುಕೊಂಡು ಹೋಗುವಾಗ, ಮುಂಬ್ರಾ ಬೈಪಾಸ್ ಹತ್ತಿರ ಪೊಲೀಸ್ ವ್ಯಾನಿನ ಒಳಗೇ ಗುಂಡೇಟಿನಿಂದ ಸತ್ತ ಅನ್ನೋ ಸುದ್ದಿ. ಅವನೇ ಒಬ್ಬ ಅಧಿಕಾರಿಯ ಪಿಸ್ತೂಲು ಕಸಿದು ಗುಂಡು ಹಾರಿಸಿದ, ಆತ್ಮರಕ್ಷಣೆಗೆ ತಿರುಗಿ ಹೊಡೆದೆವು ಅನ್ನೋದು ಪೊಲೀಸರ ಹೇಳಿಕೆ.

ನನಗೂ ಒಬ್ಬಳು ಚಿಕ್ಕ ಮಗಳಿದ್ದಾಳೆ. ಆಗಸ್ಟ್ 20ರಂದು ಬದಲಾಪುರ ಸ್ಟೇಷನ್‌ನಲ್ಲಿ ಜನ ಹಳಿ ಮೇಲೆ ಕೂತು ಟ್ರೈನ್ ನಿಲ್ಲಿಸಿದಾಗ ಅವರ ಸಿಟ್ಟು ನನ್ನ ಸಿಟ್ಟೂ ಆಗಿತ್ತು. ಸುಳ್ಳು ಹೇಳಲ್ಲ, ಸೆಪ್ಟೆಂಬರ್‌ನ ಆ ಮೆಸೇಜ್ ಓದಿದಾಗ ನನಗೆ ಮೊದಲು ಆಗಿದ್ದು ಸಮಾಧಾನ. ಒಂದು ಹೆಬ್ಬೆಟ್ಟಿನ ಇಮೋಜಿ ಒತ್ತಿದೆ. ಟ್ರೈನ್ ಮುಂಬ್ರಾ ದಾಟುವಾಗ ಕಿಟಕಿಯಾಚೆ ನೋಡಿದೆ, ಏನೂ ಕಾಣಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಪ್ಪ ಧಾರವಾಡ ಕಡೆ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದವರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಗಲಾಟೆಯಲ್ಲಿ ಕಲ್ಲೇಟು ತಿಂದು, ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಿದ್ರು. ಅವತ್ತಿನಿಂದ ಖಾಕಿ ಮೇಲೆ ಯಾರಾದ್ರೂ ಕೈ ಮಾಡಿದ್ರು ಅಂದ್ರೆ ನನ್ನ ಮನಸ್ಸು ಯಾವ ಕಡೆ ವಾಲುತ್ತೆ ಅಂತ ನನಗೆ ಗೊತ್ತು.

ಈಗ ಯೋಚನೆ ಮಾಡಿ. ಮುಂಬ್ರಾ ಬೈಪಾಸ್ ಕೇಸಿನ ಫೈಲು ಅವತ್ತು ನನ್ನ ಟೇಬಲ್ ಮೇಲೆ ಬಂದಿದ್ರೆ? ಮಗಳ ಅಪ್ಪ, ಪೊಲೀಸರ ಮಗ. ನಾನು ನ್ಯಾಯವಾಗಿ ನೋಡ್ತಿದ್ನಾ? ನಾನಂತೂ ನನ್ನನ್ನ ನಂಬ್ತಿರಲಿಲ್ಲ.

ಅಮೆರಿಕದ ಒಂದು ಕೇಸು, ಇಬ್ಬರು ಪೊಲೀಸರ ಮಕ್ಕಳು

ಈ ಪ್ರಶ್ನೆ ಜಗತ್ತಿನ ಮುಂದೆ ಜೋರಾಗಿ ಬಂದಿದ್ದು 2014ರಲ್ಲಿ. ಅಮೆರಿಕದ ಫರ್ಗುಸನ್ ಊರಲ್ಲಿ ಡ್ಯಾರೆನ್ ವಿಲ್ಸನ್ ಅನ್ನೋ ಪೊಲೀಸ್ ಅಧಿಕಾರಿಯ ಗುಂಡಿಗೆ ಮೈಕೆಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗ ಸತ್ತ. ಆ ಕೌಂಟಿಯ ಪ್ರಾಸಿಕ್ಯೂಟರ್ ರಾಬರ್ಟ್ ಮೆಕಲಕ್. ಅವರ ತಂದೆಯೂ ಪೊಲೀಸ್. 1964ರಲ್ಲಿ, ಮಗನಿಗೆ 12 ವರ್ಷ ಇದ್ದಾಗ, ಡ್ಯೂಟಿ ಮೇಲೆ ಗುಂಡೇಟಿಗೆ ಸತ್ತವರು. ಗುಂಡು ಹೊಡೆದವನು ಕಪ್ಪು ವ್ಯಕ್ತಿ. "ನೀವು ಈ ಕೇಸಿನಿಂದ ಹಿಂದೆ ಸರೀರಿ" ಅಂತ ಜನ ಕೇಳಿದ್ರು. ಮೆಕಲಕ್ ಸರಿಯಲಿಲ್ಲ. ಸಾಕ್ಷ್ಯವನ್ನೆಲ್ಲ ಗ್ರ್ಯಾಂಡ್ ಜ್ಯೂರಿ ಮುಂದೆ ಇಟ್ಟರು, ಇಂಥ ಆರೋಪ ಹೊರಿಸಿ ಅಂತ ಶಿಫಾರಸು ಮಾಡಲಿಲ್ಲ. ಆ ನವೆಂಬರ್‌ನಲ್ಲಿ ಕೇಸು ಬೇಡ ಅಂತ ತೀರ್ಮಾನವಾಯ್ತು, ಊರು ಹೊತ್ತಿ ಉರೀತು.

ನಾನು ಮೊದಲು ಓದಿದಾಗ ಇಲ್ಲಿಗೇ ನಿಲ್ಲಿಸಿದ್ದೆ. "ನೋಡಿದ್ರಾ, ಪೂರ್ವಗ್ರಹ" ಅಂದುಕೊಂಡು ಮುಚ್ಚಿಟ್ಟೆ. ಆದ್ರೆ ಕಥೆ ಮುಂದೆ ಇದೆ. 2015ರ ಮಾರ್ಚ್‌ನಲ್ಲಿ ಒಬಾಮಾ ಸರ್ಕಾರದ ನ್ಯಾಯ ಇಲಾಖೆ ಅದೇ ಘಟನೆಯನ್ನ ಬೇರೆಯಾಗಿ ಪರಿಶೀಲಿಸಿ, ವಿಲ್ಸನ್ ಮೇಲೆ ಕೇಸು ಹಾಕಲಿಲ್ಲ. 2018ರಲ್ಲಿ ಮೆಕಲಕ್ ಅವರನ್ನ ಚುನಾವಣೆಯಲ್ಲಿ ಸೋಲಿಸಿ ಬಂದವರು ವೆಸ್ಲಿ ಬೆಲ್, ಕಪ್ಪು ಸಮುದಾಯದವರು. ಅವರು ಮತ್ತೆ ಫೈಲ್ ತೆರೆದರು. 2020ರಲ್ಲಿ ಅವರೂ ಕೇಸು ಹಾಕೋಕೆ ಆಗಲ್ಲ ಅಂದ್ರು. ಬೆಲ್ ಅವರ ತಂದೆಯೂ ಪೊಲೀಸರೇ!

ಹಾಗಾದ್ರೆ ಮೆಕಲಕ್ ಸರಿಯಾಗೇ ಇದ್ರು ಅಂತಲಾ? ಇದನ್ನ ಬಿಡಿಸಿ ನೋಡಬೇಕು. ಒಂದು ತೀರ್ಮಾನ ಸರಿ ಇರಬಹುದು, ಆದ್ರೂ ಅದನ್ನ ಯಾರೂ ನಂಬದಂಥ ಜಾಗದಿಂದ ಬಂದಿರಬಹುದು. ಎರಡನೇ ಕಣ್ಣು, ಮೂರನೇ ಕಣ್ಣು ನೋಡೋ ತನಕ ಅದು ಸರಿಯೋ ತಪ್ಪೋ ಅಂತ ಹೊರಗಿನವರಿಗೆ ತಿಳಿಯೋ ದಾರಿಯೇ ಇರಲಿಲ್ಲ. ನ್ಯೂಯಾರ್ಕ್ ರಾಜ್ಯ 2015ರಲ್ಲಿ, ನಿರಾಯುಧ ನಾಗರಿಕರು ಪೊಲೀಸರ ಕೈಯಲ್ಲಿ ಸತ್ತ ಕೇಸುಗಳನ್ನ ಸ್ಥಳೀಯ ಪ್ರಾಸಿಕ್ಯೂಟರ್ ಕೈಯಿಂದ ತೆಗೆದು ರಾಜ್ಯದ ಅಟಾರ್ನಿ ಜನರಲ್‌ಗೆ ಕೊಟ್ಟಿತು.

ನಮ್ಮಲ್ಲಿ ಪೂರ್ವಗ್ರಹ ಎಲ್ಲಿಂದ ನುಸುಳುತ್ತೆ?

ಅಮೆರಿಕದಲ್ಲಿ ಕೇಸು ಹಾಕಬೇಕೋ ಬೇಡವೋ ಅನ್ನೋದನ್ನ ಪ್ರಾಸಿಕ್ಯೂಟರ್ ತೀರ್ಮಾನ ಮಾಡ್ತಾರೆ. ನಮ್ಮಲ್ಲಿ ಹಾಗಲ್ಲ. ಎಫ್‌ಐಆರ್ ಹಾಕೋದು ಪೊಲೀಸರು, ತನಿಖೆ ಮಾಡೋದು ಪೊಲೀಸರು, ಚಾರ್ಜ್‌ಶೀಟ್ ಸಲ್ಲಿಸೋದೂ ಪೊಲೀಸರು. ಸರ್ಕಾರಿ ವಕೀಲರ ಮುಖ್ಯ ಪಾತ್ರ ಆಮೇಲೆ. ಸಾಕ್ಷಿ ಉಲ್ಟಾ ಹೊಡೆದಾಗ ಎಷ್ಟು ಗಟ್ಟಿಯಾಗಿ ಪ್ರಶ್ನೆ ಕೇಳ್ತಾರೆ, ಜಾಮೀನನ್ನ ಎಷ್ಟು ವಿರೋಧಿಸ್ತಾರೆ, ಖುಲಾಸೆಯಾದ್ರೆ ಮೇಲ್ಮನವಿ ಹೋಗುತ್ತಾ, ಕೇಸನ್ನೇ ವಾಪಸ್ ತಗೋತಾರಾ, ಇದೆಲ್ಲ ಅಲ್ಲಿ ನಡೆಯುತ್ತೆ. ಒಂದು ಕೇಸು ಸಾಯೋಕೆ ಯಾರೂ ಲಂಚ ತಗೋಬೇಕಾಗಿಲ್ಲ. ಎರಡು ಪ್ರಶ್ನೆ ಕಡಿಮೆ ಕೇಳಿದ್ರೆ ಸಾಕು.

ಇನ್ನು ಆ ವಕೀಲರು ಯಾರ ಜೊತೆ ಕೆಲಸ ಮಾಡ್ತಾರೆ? ದಿನಾ ಬೆಳಗಾದ್ರೆ ಅವರಿಗೆ ಕೇಸ್ ಡೈರಿ ಬೇಕು, ಸಾಕ್ಷಿಗಳು ಟೈಮಿಗೆ ಬರಬೇಕು. ಅದನ್ನ ಒದಗಿಸೋದು ಅದೇ ಜಿಲ್ಲೆಯ ಪೊಲೀಸರು. ನಮ್ಮ ಆಫೀಸಲ್ಲಿ ಎಷ್ಟೇ ಸೀನಿಯರ್ ಆದ್ರೂ ತನ್ನ ಕೋಡ್‌ಗೆ ತಾನೇ ಅಪ್ರೂವಲ್ ಕೊಡೋಕಾಗಲ್ಲ ಅಲ್ವಾ? ಆದ್ರೆ ನಾಳೆ ತನ್ನ ಕೋಡ್‌ಗೆ ನಿಮ್ಮ ಅಪ್ರೂವಲ್ ಬೇಕಾದ ಪಕ್ಕದ ಸೀಟಿನ ಗೆಳೆಯ ನಿಮ್ಮದನ್ನ ಎಷ್ಟು ಕಟ್ಟುನಿಟ್ಟಾಗಿ ನೋಡ್ತಾನೆ, ನೀವೇ ಹೇಳಿ. ಬಾಲ್ಯದ ನೋವಿಗಿಂತ ಈ ದಿನನಿತ್ಯದ ಒಡನಾಟವೇ ದೊಡ್ಡ ಪೂರ್ವಗ್ರಹ ಅಂತ ನನಗನಿಸುತ್ತೆ. ಇದೂ ವೈಯಕ್ತಿಕ ಅನುಭವವೇ, ಆದ್ರೆ ಯಾರೂ ಇದನ್ನ ಹಾಗೆ ಕರೆಯಲ್ಲ.

ಇದು ಹೊಸ ಚಿಂತೆ ಅಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯೇ ಪೊಲೀಸ್ ಅಧಿಕಾರಿ ಸಹಾಯಕ ಸರ್ಕಾರಿ ವಕೀಲ ಆಗುವಂತಿಲ್ಲ ಅಂತ ಹೇಳಿತ್ತು. ಆದ್ರೂ ಮಹಾರಾಷ್ಟ್ರದಲ್ಲಿ ಈ ವಕೀಲರು ಪೊಲೀಸ್ ಇಲಾಖೆಯ ಹಿಡಿತದಲ್ಲೇ ಇದ್ರು. 1995ರಲ್ಲಿ ಎಸ್. ಬಿ. ಶಹಾಣೆ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅವರನ್ನ ಪೊಲೀಸ್ ಇಲಾಖೆಯಿಂದ ಬಿಡಿಸಿ ಪ್ರತ್ಯೇಕ ವಿಭಾಗ ಮಾಡಿ ಅಂತ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಬೇಕಾಯ್ತು. ಈಗ ಪ್ರಾಸಿಕ್ಯೂಷನ್‌ಗೆ ಬೇರೆ ನಿರ್ದೇಶನಾಲಯ ಇದೆ, ಆದ್ರೆ 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಅದು ಗೃಹ ಇಲಾಖೆಯ ಆಡಳಿತದ ಅಡಿಯಲ್ಲೇ. ಪೊಲೀಸರೂ ಅದೇ ಗೃಹ ಇಲಾಖೆಗೆ ಸೇರಿದವರು. ಟೀಮ್ ಬೇರೆ, ಮ್ಯಾನೇಜರ್ ಒಬ್ಬರೇ.

ವಾಶಿಯಿಂದ ಶುರುವಾದ ಕೇಸು

ನಮ್ಮಲ್ಲಿ ಇದು ಸರಿಯಾಗಿ ನಡೆದ ಉದಾಹರಣೆ ಇಲ್ವಾ? ಇದೆ, ನಮ್ಮ ನವಿ ಮುಂಬೈಯಲ್ಲೇ ಶುರುವಾಗಿದ್ದು.

2006ರ ನವೆಂಬರ್ 11. ವಾಶಿಯಿಂದ ರಾಮನಾರಾಯಣ ಗುಪ್ತಾ, ಅಂದ್ರೆ ಲಖನ್ ಭೈಯಾ, ಮತ್ತು ಅವನ ಗೆಳೆಯ ಅನಿಲ್ ಭೇಡಾ ಇಬ್ಬರನ್ನೂ ಎತ್ತಿಕೊಂಡು ಹೋದ್ರು. ಅದೇ ದಿನ ರಾತ್ರಿ ಮುಂಬೈನ ವರ್ಸೋವಾದಲ್ಲಿ ಲಖನ್ 'ಎನ್‌ಕೌಂಟರ್'ನಲ್ಲಿ ಸತ್ತ ಅಂತ ಪೊಲೀಸರು ಹೇಳಿದ್ರು. ಆದ್ರೆ ಅವನ ಸಹೋದರ ರಾಮಪ್ರಸಾದ್ ಗುಪ್ತಾ ವಕೀಲರು. ಸಾವಿಗೆ ಮುಂಚೆಯೇ, ನನ್ನ ಸಹೋದರನನ್ನ ಎತ್ತಿಕೊಂಡು ಹೋಗಿದ್ದಾರೆ ಅಂತ ಪೊಲೀಸ್ ಮೇಲಧಿಕಾರಿಗಳಿಗೆ ಟೆಲಿಗ್ರಾಂ, ಫ್ಯಾಕ್ಸ್ ಕಳಿಸಿದ್ರು. ಆ ಕಾಗದದ ಮೇಲಿನ ಹೊತ್ತೇ ಮುಂದೆ ದೊಡ್ಡ ಸಾಕ್ಷ್ಯವಾಯ್ತು.

ಮಾಮೂಲಿ ದಾರಿಯಲ್ಲಿ ಹೋಗಿದ್ರೆ ಫೈಲು ಅಲ್ಲೇ ಮುಚ್ಚುತ್ತಿತ್ತು. ರಾಮಪ್ರಸಾದ್ ಹೈಕೋರ್ಟಿಗೆ ಹೋದ್ರು. ಮ್ಯಾಜಿಸ್ಟ್ರೇಟ್ ವಿಚಾರಣೆಯಲ್ಲಿ ಇದು ನಕಲಿ ಎನ್‌ಕೌಂಟರ್ ಅಂತ ಬಂತು. 2009ರಲ್ಲಿ ಹೈಕೋರ್ಟೇ ವಿಶೇಷ ತನಿಖಾ ತಂಡ ಮಾಡಿಸಿತು, ವಿಚಾರಣೆಗೆ ವಿಶೇಷ ಸರ್ಕಾರಿ ವಕೀಲರು ಬಂದ್ರು. 2013ರ ಜುಲೈಯಲ್ಲಿ 13 ಪೊಲೀಸರೂ ಸೇರಿ 21 ಜನರಿಗೆ ಜೀವಾವಧಿ ಶಿಕ್ಷೆಯಾಯ್ತು. ಅವತ್ತು ಖುಲಾಸೆಯಾಗಿದ್ದ ಹೆಸರುವಾಸಿ ಅಧಿಕಾರಿ ಪ್ರದೀಪ್ ಶರ್ಮಾ ಅವರನ್ನೂ 2024ರ ಮಾರ್ಚ್ 19ರಂದು ಹೈಕೋರ್ಟ್ ಅಪರಾಧಿ ಅಂತ ಹೇಳಿತು. ಅದೇ ತೀರ್ಪಿನಲ್ಲಿ ಪೊಲೀಸರಲ್ಲದ ಆರು ಜನರನ್ನ ಬಿಡುಗಡೆಯನ್ನೂ ಮಾಡಿತು. ಶರ್ಮಾ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ.

ಇದರ ಬೆಲೆ ಎಷ್ಟು? ಲಖನ್ ಜೊತೆ ಎತ್ತಿಕೊಂಡು ಹೋಗಿದ್ದ ಅನಿಲ್ ಭೇಡಾ ಮುಖ್ಯ ಸಾಕ್ಷಿ. 2011ರ ಮಾರ್ಚ್‌ನಲ್ಲಿ, ಕೋರ್ಟಿನಲ್ಲಿ ಸಾಕ್ಷಿ ಹೇಳೋಕೆ ಕೆಲವೇ ದಿನ ಇದ್ದಾಗ, ಅವರು ಕಾಣೆಯಾದ್ರು. ಆಮೇಲೆ ಸುಟ್ಟ ಶವ ಸಿಕ್ತು. ಇನ್ನು 2015ರಲ್ಲಿ ರಾಜ್ಯ ಸರ್ಕಾರ 11 ಅಪರಾಧಿಗಳ ಶಿಕ್ಷೆಯನ್ನ ಅಮಾನತಿನಲ್ಲಿಟ್ಟಿತು. ಗಮನಿಸಿ, ಶಿಕ್ಷೆ ಕೊಡಿ ಅಂತ ವಾದಿಸಿದ್ದು ಯಾವ ಸರ್ಕಾರದ ವಕೀಲರೋ, ಆ ಶಿಕ್ಷೆ ನಿಲ್ಲಿಸಿದ್ದೂ ಅದೇ ಸರ್ಕಾರ.

ಈ ಕೇಸು ಗೆದ್ದಿದ್ದು ಯಾರೋ ಒಬ್ಬ ಪರಿಶುದ್ಧ ಮನಸ್ಸಿನ ವಕೀಲ ಸಿಕ್ಕಿದ್ದಕ್ಕಲ್ಲ. ಮಾಮೂಲಿ ಕೈಗಳಿಂದ ಫೈಲು ಆಚೆ ಹೋಗಿದ್ದಕ್ಕೆ.

ಬೆಂಗಳೂರಿಗೆ ಬಂದ ಒಂದು ಕೇಸು

ನಮ್ಮವರಿಗೆ ಚೆನ್ನಾಗಿ ಗೊತ್ತಿರೋ ಉದಾಹರಣೆಯೂ ಒಂದಿದೆ, ಗುಂಡಿನ ಕೇಸಲ್ಲದಿದ್ರೂ. ಜಯಲಲಿತಾ ಅವರ ಆಸ್ತಿ ಕೇಸನ್ನ ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ಕಳಿಸಿತು. ಆರೋಪಿಯೇ ಮುಖ್ಯಮಂತ್ರಿ ಆಗಿರೋ ರಾಜ್ಯದಲ್ಲಿ ಸರ್ಕಾರಿ ವಕೀಲರು ಗಟ್ಟಿಯಾಗಿ ವಾದಿಸ್ತಾರೆ ಅಂತ ನಂಬೋದು ಹೇಗೆ? ಇಲ್ಲಿ ಬಿ. ವಿ. ಆಚಾರ್ಯ ವಿಶೇಷ ಅಭಿಯೋಜಕರಾದ್ರು. ಮುಂದೆ ಹೈಕೋರ್ಟಿನ ಮೇಲ್ಮನವಿಗೆ ತಮಿಳುನಾಡು ಸರ್ಕಾರ ವಕೀಲರನ್ನ ನೇಮಿಸಿದಾಗ, 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ನೇಮಕಕ್ಕೆ ಅಧಿಕಾರವೇ ಇಲ್ಲ ಅಂತು. ಆ ವಕೀಲರ ಎದೆ ಬಗೆದು ಪ್ರಾಮಾಣಿಕತೆ ಅಳೆಯೋಕೆ ಕೋರ್ಟ್ ಹೋಗಲಿಲ್ಲ. ಯಾರು ನೇಮಿಸಿದ್ರು ಅಂತ ಕೇಳಿತು, ಅಷ್ಟೇ.

ಮತ್ತೆ ಮುಂಬ್ರಾ ಬೈಪಾಸ್‌ಗೆ

ಎನ್‌ಕೌಂಟರ್ ಸಾವುಗಳ ಬಗ್ಗೆ ಪಿಯುಸಿಎಲ್ ವಿರುದ್ಧ ಮಹಾರಾಷ್ಟ್ರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 16 ನಿಯಮ ಹಾಕಿದೆ. ಎಫ್‌ಐಆರ್ ಆಗಬೇಕು, ತನಿಖೆ ಸಿಐಡಿ ಅಥವಾ ಬೇರೆ ಸ್ಟೇಷನ್‌ನ ತಂಡ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೀಬೇಕು, ಗುಂಡು ಹೊಡೆದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು. ಆ ತೀರ್ಪಿನ ತಾರೀಕು 2014ರ ಸೆಪ್ಟೆಂಬರ್ 23. ಶಿಂಧೆ ಸತ್ತಿದ್ದು ಸರಿಯಾಗಿ ಹತ್ತು ವರ್ಷಕ್ಕೆ, ಅದೇ ದಿನ.

2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ವರದಿ ಹೈಕೋರ್ಟಿಗೆ ಬಂತು. ಬಲಪ್ರಯೋಗ ಸಮರ್ಥನೀಯವಲ್ಲ, ಐವರು ಪೊಲೀಸರು ಹೊಣೆ ಅನ್ನೋದು ಅದರ ಸಾರ. ಇದು ತೀರ್ಪಲ್ಲ, ಆ ಐವರಿಗೂ ತಮ್ಮ ಮಾತು ಹೇಳೋ ಹಕ್ಕಿದೆ. ಆದ್ರೆ ವರದಿ ಬಂದ ಮೇಲೂ ಎಫ್‌ಐಆರ್ ತಕ್ಷಣ ಆಗಲಿಲ್ಲ. ಸಿಐಡಿ ನೋಡ್ತಾ ಇದೆ ಅನ್ನೋದು ಸರ್ಕಾರದ ಕಡೆಯ ವಾದ. ಫೆಬ್ರವರಿಯಲ್ಲಿ ಶಿಂಧೆಯ ತಂದೆತಾಯಿ, ನಮಗೆ ಓಡಾಡೋಕೆ ಆಗಲ್ಲ, ಕೇಸು ಮುಂದುವರಿಸಲ್ಲ ಅಂದುಬಿಟ್ರು. ಕೋರ್ಟ್ ಬಿಡಲಿಲ್ಲ. ತನಗೆ ಸಹಾಯ ಮಾಡೋಕೆ ಹಿರಿಯ ವಕೀಲೆ ಮಂಜುಳಾ ರಾವ್ ಅವರನ್ನ ನೇಮಿಸಿಕೊಂಡಿತ್ತು. ಏಪ್ರಿಲ್ 7ರಂದು ವಿಶೇಷ ತಂಡಕ್ಕೆ ಆದೇಶ ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಅಲ್ಲಿ ತಂಡ ರಚಿಸೋ ಹೊಣೆ ರಾಜ್ಯದ ಡಿಜಿಪಿಗೆ ಬಂತು.

ಇದರಲ್ಲಿ ನನ್ನ ಗಂಟಲಿಗೆ ಸಿಕ್ಕಿಕೊಂಡಿರೋದು ಇನ್ನೊಂದು. ಶಿಂಧೆ ಮೇಲಿನ ಆರೋಪ ಅವನ ಎದುರು ಸಾಬೀತಾಗೋ ಅವಕಾಶವೇ ಹೋಯ್ತು. ಆ ಹುಡುಗಿಯರ ಮನೆಯವರಿಗೂ ಒಂದು ತೀರ್ಪು ಬೇಕಿತ್ತು. ನಾನು ಒತ್ತಿದ ಹೆಬ್ಬೆಟ್ಟು ಅದಕ್ಕೂ ಸೇರಿತ್ತು ಅಂತ ತಿಳಿಯೋಕೆ ನನಗೆ ತಿಂಗಳುಗಳೇ ಬೇಕಾದವು.

ಅಪ್ಪ ಹೇಳಿದ ಮಾತು

ವಿಡಿಯೋ ಮಾಡೋ ಮುಂಚೆ ಅಪ್ಪನಿಗೆ ಫೋನ್ ಮಾಡಿದ್ದೆ. ಬೇಜಾರಾಗ್ತಾರೇನೋ ಅಂತ ಹೆದರಿಕೆ ಇತ್ತು. "ಅಪ್ಪಾ, ನಿಮ್ಮ ಮೇಲೆ ಇಂಥ ಕೇಸು ಬಂದಿದ್ರೆ, ನಾನೇ ಸರ್ಕಾರಿ ವಕೀಲ ಆಗಿದ್ರೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ತಮ್ಮಾ, ನೀ ನೋಡಬಾರ್ದು. ನನ್ನ ಸ್ಟೇಷನ್ನಿನ ಗೆಳ್ಯಾನೂ ನೋಡಬಾರ್ದು. ನೀವು ತಪ್ಪಿಲ್ಲ ಅಂದ್ರ ಊರಾಗ ಯಾರ ನಂಬ್ತಾರ? ನನ್ನ ಮುಖಾನೂ ನೋಡದವ ಫೈಲ್ ನೋಡಿ ತಪ್ಪಿಲ್ಲ ಅಂದ್ರ, ಆವಾಗ ನಾ ತಲಿ ಎತ್ತಿ ಅಡ್ಡಾಡಬಹುದು."

ನಾನು ಇಷ್ಟೆಲ್ಲ ಓದಿ ಹೇಳಬೇಕೆಂದಿದ್ದು ಇದೇ. ಅನುಭವ ಇಲ್ಲದ ಮನುಷ್ಯ ಸಿಗಲ್ಲ, ಸಿಕ್ಕರೂ ಅಂಥವರು ನಮಗೆ ಬೇಡ. ನೋವು ಗೊತ್ತಿರೋರೇ ಈ ಕೆಲಸ ಮಾಡಲಿ. ಆದ್ರೆ ಪೊಲೀಸರ ಗುಂಡಿನ ಕೇಸು ಅದೇ ಜಿಲ್ಲೆಯ ಪೊಲೀಸರ ಜೊತೆ ದಿನಾ ಕೆಲಸ ಮಾಡೋರ ಕೈಗೆ ಹೋಗಬಾರದು, ತೀರ್ಮಾನದ ಕಾರಣ ಬರಹದಲ್ಲಿರಬೇಕು, ಅದನ್ನ ಎರಡನೇ ಕೈ ನೋಡಬೇಕು. ತಪ್ಪು ಮಾಡದ ಪೊಲೀಸನಿಗೂ ಅದೇ ರಕ್ಷಣೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ವಕೀಲರು ಯಾವ ಜಾತಿ, ಯಾರ ಮಗ ಅಂತ ಹುಡುಕೋ ಮುಂಚೆ ಎರಡು ಪ್ರಶ್ನೆ ಕೇಳಿ: ಇವರನ್ನ ನೇಮಿಸಿದವರು ಯಾರು? ಇವರ ಕೆಲಸವನ್ನ ಮತ್ತೆ ನೋಡೋರು ಯಾರು? ನಿಮಗೆ ಬೇರೆ ಅನಿಸಿದ್ರೆ ಖಂಡಿತ ಬರೀರಿ, ಮುಂದಿನ ಭಾನುವಾರ ಅಲ್ಲಿಂದಲೇ ಶುರು ಮಾಡೋಣ.